ಎಮ್ಮೆಯ ಗದ್ದ, ಚಿಗವ್ವನ ಪಾದ

ಎಮ್ಮೆಯ ಗದ್ದದ ಕೆಳಗಿನ ಬಾವು ಮೊದಲು ಕಂಡದ್ದು ನನಗೋ ಚಿಗವ್ವನಿಗೋ, ಈಗ ಖಚಿತವಿಲ್ಲ. ದಿನಚರಿಯಲ್ಲಿ ‘ಎಮ್ಮೆಗೆ ಬಾವು, ಡಾಕ್ಟರಿಗೆ ಫೋನು’ ಎಂದಷ್ಟೇ ಇದೆ. ಭತ್ತ ತೆನೆ ಬಿಟ್ಟಿತ್ತು ಎಂದು ನೆನಪು. ಅದೂ ತಪ್ಪಿರಬಹುದು.

ಅಕ್ಕಿಆಲೂರಿನ ಮನೆಯಲ್ಲಿ ನಾವಿಬ್ಬರೇ, ಅವ್ವನ ತಂಗಿ ಚಿಗವ್ವ ಮತ್ತು ನಾನು. ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆಯ ಬಸ್ಸಿಗೆ ಬರುತ್ತೇನೆ. ಚಿಗವ್ವ ನನಗೆ ಪಡಸಾಲೆಯಲ್ಲಿ ಬಡಿಸಿ, ಆಮೇಲೆ ತಾನು ಒಳಗೆ ಉಣ್ಣುತ್ತಾಳೆ. ನಾನು ಏನಾದರೂ ಓದುತ್ತ ಉಣ್ಣುತ್ತೇನೆ. ಎಷ್ಟೋ ದಿನ ನಮ್ಮ ನಡುವೆ ಹತ್ತು ಮಾತೂ ಆಗುವುದಿಲ್ಲ.

ಪಶುವೈದ್ಯರು ಗದ್ದ ಒತ್ತಿ ನೋಡಿದರು. “ಲಿವರಿಗೆ ಹುಳ ಬಿದ್ದಾವ್ರಿ. ರಕ್ತ ತೆಳ್ಳಗಾಗಿ ನೀರು ಇಳದೈತಿ. ಔಷಧ ಕುಡಸ್ರಿ, ಶೇಂಗಾ ಹಿಂಡಿ, ಹತ್ತಿಕಾಳು ಛಲೋ ಹಾಕ್ರಿ. ಗಬ್ಬದ ಎಮ್ಮಿ, ಹುಷಾರು.”

ಅವರು ಹೋದ ಮೇಲೆ ಚಿಗವ್ವ ಕೇಳಿದಳು: “ಹಿಂಡಿ ತಿಂದ್ರ ನೀರು ಹೆಂಗ ಹೋಕ್ಕೈತಿ? ನೀ ಕಲತಾಕಿ, ಹೇಳು.”

ಅವಳು ಕೇಳಿದ್ದೇ ನನಗೆ ಹಿಗ್ಗು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಇಲಿಗಳಿಗೆ ಪ್ರೋಟೀನು ತೀರ ಕಡಿಮೆ ಇರುವ ಆಹಾರ ಕೊಟ್ಟು, ಅವುಗಳ ರಕ್ತದ ಪ್ರೋಟೀನು ಇಳಿಯುವುದನ್ನು ಅಳೆದಿದ್ದೆವು. ಹಾಲಿನ ಪ್ರೋಟೀನಾದ ಕೇಸೀನು ಬೆರೆಸಿ ಕೊಟ್ಟಾಗ ಅದು ಮತ್ತೆ ಏರಿತ್ತು. ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು ಆ ಪ್ರೋಟೀನೇ, ತಿಂದದ್ದರಿಂದ ಲಿವರು ಅದನ್ನು ಮಾಡುತ್ತದೆ ಎಂದೆಲ್ಲ ಹೇಳಿದೆ.

“ಇಷ್ಟು ತಿಳ್ಕೊಳ್ಳಾಕ ಪಾಪ ಆ ಇಲಿಗೋಳ್ನ ಉಪವಾಸ ಕೆಡವಿದ್ರೇನು?” ಎಂದು ನಕ್ಕಳು.

ಕೆಲವು ವಾರಗಳಲ್ಲಿ ಬಾವು ಇಳಿಯಿತು. ದಿನಾ ಬಂದವಳೇ ನೇರ ಎಮ್ಮೆಯ ಹತ್ತಿರ ಹೋಗಿ ಗದ್ದ ಮುಟ್ಟಿ ನೋಡುತ್ತಿದ್ದೆ.

ಮುಂದೊಂದು ಬೆಳಿಗ್ಗೆ ಚಿಗವ್ವ ಚಪ್ಪಲಿ ಮೆಟ್ಟಲಾರದೆ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಪಾದ ಒತ್ತಿದೆ. ಬೆರಳಿನ ಕುಳಿ ಹಾಗೇ ಉಳಿಯಿತು.

ಹಾನಗಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಪ್ರೋಟೀನು ಬಹಳ ಇಳಿದಿದೆ ಎಂದರು. “ಏನ ಉಣ್ತಾರ್ರಿ ಇವರು?” ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ.

“ಅನ್ನ, ತಿಳಿಸಾರು,” ಎಂದಳು ಚಿಗವ್ವ. ಬೇಳೆ ವಾಯುವೆಂದು ಎಂದೋ ಬಿಟ್ಟಿದ್ದಳಂತೆ. ಎಮ್ಮೆ ಸುಖವಾಗಿ ಈಯುವತನಕ ಹಾಲು ಮೊಸರು ಮುಟ್ಟುವುದಿಲ್ಲವೆಂದು ಬಾವು ಕಂಡ ದಿನವೇ ಹರಕೆ ಹೊತ್ತಿದ್ದಳು.

ಮರಳುವಾಗ ಬಸ್ಸಿನಲ್ಲಿ ರೇಗಿದೆ: “ಎಮ್ಮಿಗೆ ಹಿಂಡಿ, ನಿನಗ ಬರೇ ಸಾರೇನು?”

“ಅದು ಮೂಕಪ್ರಾಣಿ. ಅದನ್ನ ನೋಡಾವ್ರು ಬೇಕು,” ಎಂದು ಕಿಟಕಿಯತ್ತ ತಿರುಗಿದಳು.

ಹೋದ ವಾರ ಎಮ್ಮೆ ಈಯಿತು. ಗಿಣ್ಣ ಉಂಡು ಹರಕೆ ಮುಗಿಸಿದೆನೆಂದೂ, ದಿನಾ ಹೆಸರುಕಾಳು ಬೇಯಿಸಿಕೊಳ್ಳುತ್ತೇನೆಂದೂ ಚಿಗವ್ವ ಹೇಳುತ್ತಾಳೆ. ನಾನು ನೋಡಿಲ್ಲ. ಪಾದದ ಬಾವು ಇಳಿದಂತೆ ಕಾಣುತ್ತದೆ. ಇಳಿಯಲಿ ಎಂಬ ಆಸೆಗೆ ಹಾಗೆ ಕಾಣುತ್ತಿದೆಯೋ ಏನೋ.

ನಿನ್ನೆ ನನ್ನ ತಾಟು ಹಿಡಿದು ಅಡುಗೆಮನೆಗೆ ಹೋದೆ. ಅವಳು ಇತ್ತ ತಿರುಗದೆ ಒಲೆಯ ಉರಿ ಸಣ್ಣಗೆ ಮಾಡಿದಳು. ನಾನು ಕೇಳಿದ್ದು ಇಷ್ಟೇ:

“ಚಿಗವ್ವಾ, ಇನ್ನ ಮ್ಯಾಲೆ ನಾನೂ ಇಲ್ಲೇ ನಿನ್ನ ಕೂಡ ಕುಂತು ಉಣ್ಣಲೇನು?”