ನಾನು ಕತ್ತರಿಸಿದ ನಡುವಿನ ಪುಟಗಳು

ನಾಗಪುರದಲ್ಲಿ ನಮ್ಮ ಕನ್ನಡ ಸಂಘಕ್ಕೆ ಸ್ವಂತ ಜಾಗ ಇರಲಿಲ್ಲ. ಸದರ್ ಬಡಾವಣೆಯಲ್ಲಿ ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಕೋಣೆ ತಿಂಗಳಿಗೊಂದು ಭಾನುವಾರ ಸಂಜೆ ನಮ್ಮದಾಗುತ್ತಿತ್ತು. ರೈಲ್ವೆಯವರು, ಬ್ಯಾಂಕಿನವರು, ಮದ್ದುಗುಂಡು ಕಾರ್ಖಾನೆಯವರು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ ನಲವತ್ತು ಜನ. ವರ್ಷಕ್ಕೊಮ್ಮೆ ಕೈಬರಹದ ಪತ್ರಿಕೆ ತರುತ್ತಿದ್ದೆವು. ಅದರದು ಒಂದೇ ಪ್ರತಿ. ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಓದಲು ಬರುತ್ತಿರಲಿಲ್ಲವಾದ್ದರಿಂದ ರಾಜ್ಯೋತ್ಸವದ ಸಂಜೆ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು ಪದ್ಧತಿ.

ಪ್ರತಿ ಮಾಡುವವನೂ ನಾನೇ, ಓದುವವನೂ ನಾನೇ. ಕಲಿತದ್ದು ಎಸ್ಸೆಸ್ಸೆಲ್ಸಿವರೆಗೆ, ಕೆಲಸ ರೈಲ್ವೆ ಉಗ್ರಾಣದಲ್ಲಿ ಗುಮಾಸ್ತಿಕೆ. ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಆ ಒಂದೇ ಕಾರಣಕ್ಕೆ ನಾನೊಬ್ಬ ಸಾಹಿತಿ ಎಂದು ನನಗೆ ನಾನೇ ಪದವಿ ಕೊಟ್ಟುಕೊಂಡಿದ್ದೆ. ವರ್ಷಕ್ಕೊಂದು ಕತೆ ಬರೆಯುತ್ತಿದ್ದೆ. ಒಂದು ರೈಲು ಅಪಘಾತ, ಎರಡು ಮದುವೆ, ಹಾವು ಕಚ್ಚಿದ್ದು, ಕಳೆದುಹೋದ ತಮ್ಮ ಸಿಕ್ಕಿದ್ದು, ಎಲ್ಲವೂ ಒಂದೇ ಕತೆಯಲ್ಲಿ. ಕೇಳಿದವರು ಚಪ್ಪಾಳೆ ತಟ್ಟಿ, ಆಮೇಲೆ ಹತ್ತಿರ ಬಂದು ನನ್ನ ಅಕ್ಷರ ಚೆನ್ನಾಗಿದೆ ಎನ್ನುತ್ತಿದ್ದರು. ಅದರ ಅರ್ಥ ಆಗ ನನಗೆ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಗದಗಿನ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಕೈಗೆ ಮಡಿಸಿದ ಹಾಳೆಗಳನ್ನು ಕೊಟ್ಟರು. ಅವರ ಯಜಮಾನರು ಬ್ಯಾಂಕಿನಲ್ಲಿದ್ದರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಕತೆ ಬರೆದಿದ್ದೇನೆ, ಹೇಗಿದೆಯೋ ಗೊತ್ತಿಲ್ಲ, ನೀವು ಓದಿದಾಗ ಜನರ ಮುಖ ನೋಡಿ ತಿಳಿದುಕೊಳ್ಳುತ್ತೇನೆ ಎಂದರು.

ಕತೆ ಇಷ್ಟೇ. ಹೊಸದಾಗಿ ಮದುವೆಯಾಗಿ ನಾಗಪುರಕ್ಕೆ ಬಂದ ಹುಡುಗಿಗೆ ಮರಾಠಿ ಬಾರದು. ಹಾಲಿಗೆ ಹೆಪ್ಪು ಬೇಕೆಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಾಳೆ. ಅಲ್ಲಿಯ ಮರಾಠಿ ಮುದುಕಿ ಕೈಸನ್ನೆಯಲ್ಲೇ ತಿಳಿದುಕೊಂಡು ಒಂದು ಚಮಚ ಮೊಸರು ಕೊಡುತ್ತಾಳೆ. ಎರಡನೆಯ ಸಲ, ಮನೆಯಲ್ಲಿ ಮೊಸರು ಗಟ್ಟಿಯಾಗಿ ಕೂತಿದ್ದರೂ, ಹುಡುಗಿ ಮತ್ತೆ ಬಟ್ಟಲು ಹಿಡಿದು ಹೋಗುತ್ತಾಳೆ. ಮುದುಕಿ ಉಣ್ಣೆಯ ಟೋಪಿ ಹೆಣೆಯುತ್ತಿರುತ್ತಾಳೆ. ಮೂರನೆಯ ಸಲ ಹೋದಾಗ ಟೋಪಿ ಕೂಸಿನ ತಲೆಯಷ್ಟೇ ಇದೆ ಎಂದು ಕಾಣುತ್ತದೆ. ಹುಡುಗಿ ಯಾರಿಗೂ, ಗಂಡನಿಗೂ ಹೇಳಿರದ ಸುದ್ದಿಯನ್ನು ಮುದುಕಿ ಮುಖ ನೋಡಿಯೇ ತಿಳಿದಿದ್ದಾಳೆ. ನಾಲ್ಕನೆಯ ಸಲ ಹೋದರೆ ಬಾಗಿಲಿಗೆ ಬೀಗ. ಮಗನಿಗೆ ವರ್ಗವಾಗಿ ಮನೆಯವರೆಲ್ಲ ಹೊರಟುಹೋಗಿದ್ದಾರೆ. ಕೊನೆಯಲ್ಲಿ ಹುಡುಗಿ ಹನ್ನೆರಡು ಸಾಲು ಅಳುತ್ತಾಳೆ.

ಈಗ ನನ್ನ ತಪ್ಪು. ನಮ್ಮ ಪತ್ರಿಕೆಗೆ ಖಾಲಿ ಹಾಳೆಗಳನ್ನು ಮೊದಲೇ ಬೈಂಡ್ ಮಾಡಿಸಿ ಇಡುತ್ತಿದ್ದೆವು. ಆಮೇಲೆ ಒಂದು ಹಾಳೆಯನ್ನೂ ಸೇರಿಸುವಂತಿರಲಿಲ್ಲ. ಮೊದಲ ಪುಟದಿಂದ ನನ್ನ ಕತೆಯನ್ನೇ ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಹುರುಪು ಬಂದು ಇನ್ನೊಂದು ಅಪಘಾತ ಸೇರಿಸಿದೆ. ಉಳಿದವರದೆಲ್ಲ ಮುಗಿದು ಅಕ್ಕಾರ ಸರದಿ ಬಂದಾಗ ಮೂರೇ ಪುಟ ಉಳಿದಿದ್ದವು. ಅವರದು ಎಂಟು ಪುಟದ ಕತೆ.

ಅವರನ್ನು ಕೇಳಬಹುದಿತ್ತು. ನನ್ನದನ್ನು ಹರಿದು ಬೇರೆ ಬರೆಯಬಹುದಿತ್ತು. ಎರಡೂ ಮಾಡಲಿಲ್ಲ. ಹೆಪ್ಪಿಗೆ ಹೋದವಳೇ ಮತ್ತೆ ಮತ್ತೆ ಹೋಗುತ್ತಾಳೆ, ಅಲ್ಲಿ ಏನೂ ನಡೆಯುವುದಿಲ್ಲ, ಹೇಳಿದ್ದನ್ನೇ ಹೇಳಿದ್ದಾರೆ ಅನ್ನಿಸಿ ನಡುವಿನ ಎರಡು ಭೇಟಿಗಳನ್ನು ತೆಗೆದುಹಾಕಿದೆ. ಅಳು ಮಾತ್ರ ಪೂರ್ತಿ ಇಟ್ಟೆ. ಕತೆಯ ರಸವೆಲ್ಲ ಅದರಲ್ಲೇ ಇದೆ ಎಂದು ನನ್ನ ಎಣಿಕೆ.

ರಾಜ್ಯೋತ್ಸವದ ಸಂಜೆ ಅದನ್ನು ಓದಿದೆ. ಹುಡುಗಿ ಹೆಪ್ಪು ತಂದಳು, ಮರುಸಲ ಹೋದಳು, ಬೀಗ ಇತ್ತು, ಅತ್ತಳು. ನಾನಿನ್ನೂ ಅಳುವಿನ ನಡುವೆ ಇದ್ದಾಗಲೇ ಹಿಂದಿನ ಸಾಲಿನಿಂದ ಕಾರ್ಖಾನೆಯ ಫೋರ್‌ಮನ್ ಒಬ್ಬರು ಅಂದರು: "ಒಂದ್ ಚಮಚಾ ಹೆಪ್ಪಿಗೆ ಇಷ್ಟ್ಯಾಕ ಅಳ್ತಾಳ್ರಿ ಇಕಿ? ಓಣಿ ಮೂಲ್ಯಾಗ ಡೇರಿ ಐತಲ್ಲ."

ಕೋಣೆಯೆಲ್ಲ ನಕ್ಕಿತು. ಕೆಟ್ಟ ನಗುವಲ್ಲ, ಹಬ್ಬದ ಸಂಜೆಯ ನಗು. ಅಕ್ಕಾರೂ ನಗಲು ನೋಡಿದರು. ಓದುವಾಗ ತಮ್ಮ ಪುಟಗಳು ಮಾಯವಾಗಿದ್ದು ಅವರಿಗೆ ಗೊತ್ತಾಗದೆ ಇರಲಿಲ್ಲ. ಮೆಟ್ಟಿಲಿಳಿಯುವಾಗ ನನ್ನನ್ನು ಕೇಳಿದರು. ಸಂಘದ ಹಿರಿಯರು ಓದಿ ನೋಡಿ, ಅಷ್ಟು ಬೇಕಿಲ್ಲ ಅಂದರು ಎಂದುಬಿಟ್ಟೆ. ಯಾವ ಹಿರಿಯರೂ ಓದಿರಲಿಲ್ಲ. ಅವರು ತಲೆಯಾಡಿಸಿ, ಹಂಗಾರ ನನಗ ಬರೂದಿಲ್ಲ ಬಿಡ್ರಿ ಅಂದರು. ಮುಂದಿನ ವರ್ಷ ಪತ್ರಿಕೆಗೆ ಕತೆ ಕೊಡಿ ಎಂದರೆ, ಹಬ್ಬಕ್ಕೆ ಚಕ್ಕಲಿ ಮಾಡಿ ತರುತ್ತೇನೆ ಎಂದರು. ಅದರ ಮುಂದಿನ ವರ್ಷವೂ ಚಕ್ಕಲಿಯೇ ಬಂತು.

ಆರೇಳು ವರ್ಷ ಹೀಗೇ ಹೋಯಿತು. ಒಂದು ಬೇಸಿಗೆಯ ಮಧ್ಯಾಹ್ನ, ಕೂಲರಿನ ಮುಂದೆ ಕೂತು ನನ್ನ ಹೆಂಡತಿ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಏನಾದರೂ ಓದಿ ಎಂದಳು. ಟ್ರಂಕಿನಲ್ಲಿ ಕೈಗೆ ಸಿಕ್ಕಿದ್ದು ಅಕ್ಕಾರ ಮೂಲ ಹಾಳೆಗಳು. ಎಂಟೂ ಪುಟ ಓದಿದೆ. ಎರಡನೆಯ ಭೇಟಿಗೆ ಅವಳು ಮುಗುಳ್ನಕ್ಕಳು. ಮೂರನೆಯದಕ್ಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಬೀಗದ ಸಾಲು ಬಂದಾಗ ಬಾಯಿಗೆ ಸೆರಗು ಹಿಡಿದಳು. ಬೀಗ ಅದೇ, ಬಟ್ಟಲು ಅದೇ. ಆದರೆ ಮೂರು ಸಲ ನಾನೂ ಆ ಹೊಸ್ತಿಲು ದಾಟಿದ್ದೆನಲ್ಲ, ಈಗ ಬಾಗಿಲು ನನಗೂ ಮುಚ್ಚಿತ್ತು.

ಕತೆಗೊಂದು ಹಂದರ ಇರುತ್ತದೆ ಎಂಬುದು ನನಗೆ ಹೊಳೆದದ್ದು ಆ ಮಧ್ಯಾಹ್ನ, ಐವತ್ತು ದಾಟಿದ ಮೇಲೆ. ಏನೂ ನಡೆಯುವುದಿಲ್ಲ ಎಂದು ನಾನು ಕಿತ್ತು ಹಾಕಿದ್ದ ಜಾಗದಲ್ಲೇ ಎಲ್ಲ ನಡೆದಿತ್ತು. ನನ್ನ ಕತೆಗಳಲ್ಲಿ ಸತ್ತವರು ಹತ್ತಾರು ಜನ, ಒಬ್ಬರ ಮನೆಗೂ ಕೇಳುವವರನ್ನು ನಾನು ಎರಡನೆಯ ಸಲ ಕರೆದುಕೊಂಡು ಹೋಗಿರಲಿಲ್ಲ.

ಹೆಂಡತಿ ಕೇಳಿದಳು: "ಅವತ್ತ ಸಂಘದಾಗ ಓದಿದ್ದು ಇದ ಏನ್ರಿ?"

"ಇದ."

"ಇದಲ್ಲ. ಅದರಾಗ ಟೋಪಿ ಎಲ್ಲಿತ್ತು?"

ಸುಳ್ಳು ಹೇಳಲು ಜಾಗವೇ ಉಳಿಯಲಿಲ್ಲ. ಎಲ್ಲ ಹೇಳಿದೆ. ಅವಳು ಸೊಪ್ಪನ್ನು ಬುಟ್ಟಿಗೆ ತುಂಬಿ, ಅಕ್ಕಾರ ಯಜಮಾನರು ಈ ತಿಂಗಳು ನಿವೃತ್ತರಾಗುತ್ತಾರೆ, ಊರಿಗೆ ಹೊರಟಿದ್ದಾರೆ, ಅಷ್ಟರೊಳಗೆ ಹೋಗಿ ಹೇಳಬೇಕು ಎಂದಳು. ಮುಖ ನೋಡಿ ಮಾತಾಡಲಿಲ್ಲ. ರಾತ್ರಿ ಸಾರಿಗೆ ಉಪ್ಪು ಹೆಚ್ಚಾಗಿತ್ತು, ನಾನು ಅದನ್ನೇ ಉಂಡೆ.

ಭಾನುವಾರ ಹೋದೆ. ಅವರ ಮನೆಯಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಚಹಾ ಬರುವ ಮೊದಲೇ ಹೇಳಿಬಿಟ್ಟೆ: ಹಿರಿಯರು ಯಾರೂ ಓದಿರಲಿಲ್ಲ, ಪುಟ ತಿಂದದ್ದು ನನ್ನ ಕತೆ, ಕತ್ತರಿಸಿದ್ದು ನಾನು. ಅಕ್ಕಾರು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು.

"ಏಳ ವರ್ಷ ಅಣ್ಣಾರ," ಅಂದರು. "ಏಳ ವರ್ಷ ನಾ ಚಕ್ಕಲಿ ಮಾಡೀನಿ."

ನಾನು ತಂದಿದ್ದ ಮೂಲ ಹಾಳೆಗಳನ್ನು ಅವರ ಮುಂದೆ ಹಿಡಿದೆ. ಅವರು ಹಾಳೆಗಳನ್ನು ತೆಗೆದುಕೊಂಡು ನಿಂತಲ್ಲೇ ಓದಿದರು. ಆಮೇಲೆ ನನ್ನ ಜೇಬಿನ ಪೆನ್ನು ಕೇಳಿ ಪಡೆದು, ಕೊನೆಯ ಹನ್ನೆರಡು ಸಾಲಿನ ಅಳುವಿನ ಮೇಲೆ ಗೆರೆ ಎಳೆದರು. ನಾನು ಜತನದಿಂದ ಉಳಿಸಿದ್ದ ಭಾಗವೇ ಅದು.

"ಬೀಗಕ್ಕ ನಿಲ್ಲಬೇಕಿತ್ತು," ಅಂದರು. "ಬರೋ ರವಿವಾರ ಸಂಘದಾಗ ನೀವ ಓದ್ರಿ. ಏನ್ ಮಾಡಿದ್ರಿ ಅಂತ ಮೊದಲ ಹೇಳಿ ಆಮ್ಯಾಲ ಓದ್ರಿ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆ ಭಾನುವಾರ ಅವರಿಗೆ ಬೀಳ್ಕೊಡುಗೆ ಇತ್ತು. ನಲವತ್ತು ಜನರೆದುರು ನಿಂತು ತಪ್ಪೊಪ್ಪಿಕೊಂಡೆ. ಯಾರೋ ಕೆಮ್ಮಿದರು, ಯಾರೋ ನನ್ನ ಹೆಂಡತಿಯ ಕಡೆ ನೋಡಿದರು. ಆಮೇಲೆ ಕತೆ ಓದಿದೆ. ಬೀಗದ ಸಾಲಿಗೆ ನಿಲ್ಲಿಸಿ ಹಾಳೆ ಮಡಿಸಿದೆ. ಕೆಳಗೆ ಆಟೋಗಳ ಸದ್ದು ಕೇಳುತ್ತಿತ್ತು.

ನಾಗಪುರದಲ್ಲೇ ಹುಟ್ಟಿ ಬೆಳೆದ, ಸಂಘದವರೊಬ್ಬರ ಸೊಸೆ ಅಕ್ಕಾರ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಪುಸ್ತಕದ ಕನ್ನಡ ಅರ್ಧ ತಿಳಿದಿತ್ತು, ಅರ್ಧ ಇಲ್ಲ. "ಕಾಕೂ, ಆ ಟೋಪಿದು ಬರೋಬರ್ ಸಮಜಲಿಲ್ಲ, ತಿಳೀಲಿಲ್ಲ. ನೀವು ಹೇಳ್ತೀರಾ, ಮೊದಲಿಂದ?" ಎಂದು ಕೇಳಿದಳು.

ಅಕ್ಕಾರು ಒಮ್ಮೆ ನನ್ನ ಕಡೆ ನೋಡಿ, ಅವಳ ಕಡೆ ತಿರುಗಿ ಹೇಳತೊಡಗಿದರು. ಅರ್ಧ ಕನ್ನಡ, ಅರ್ಧ ಮರಾಠಿ, ಒಂದು ಭೇಟಿಯನ್ನೂ ಬಿಡದೆ. ಮುಂದಿನ ಸಾಲಿನವರು ಕುರ್ಚಿಗಳನ್ನು ಅವರ ಕಡೆಗೆ ತಿರುಗಿಸಿಕೊಂಡರು. ಮಕ್ಕಳು ಬಂದು ನೆಲದ ಮೇಲೆ ಕೂತರು. ನನ್ನ ಮುಂದೆ ಈಗ ಬರೀ ಬೆನ್ನುಗಳಿದ್ದವು. ನಾನೂ ಒಂದು ಕುರ್ಚಿ ಎಳೆದುಕೊಂಡು ಹಿಂದೆ ಕೂತು ಕೇಳಿದೆ.