ಯಾರೂ ಇಲ್ಲದವರ ಎಲೆ

ದೆವ್ವ, ಆತ್ಮ, ಸತ್ತವರು ಬಂದು ಹೋಗುವುದು, ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದರೆ ಸಾಲದು, ನಂಬುವವರನ್ನು ಕಂಡರೆ ನಗು ಬರುತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಣಸೆಮರ, ಬಿಳಿಸೀರೆ ಎಂದು ಶುರು ಮಾಡಿದರೆ, "ನೋಡಿದವರು ಯಾರು? ಅವರು ಕನ್ನಡಕ ಹಾಕಿಕೊಂಡಿದ್ದರೇ?" ಎಂದು ಕೇಳಿ ಕತೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತಿದ್ದೆ. ಅದರ ಮೇಲೆ ನಾವು ಕ್ರೈಸ್ತರು, ಪ್ರೊಟೆಸ್ಟಂಟರು. ಸತ್ತವರು ದೇವರ ಬಳಿ ವಿಶ್ರಾಂತಿಯಲ್ಲಿರುತ್ತಾರೆ, ಅವರಿಗೂ ನಮಗೂ ಇನ್ನು ಪುನರುತ್ಥಾನದ ದಿನವೇ ಭೇಟಿ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಹೀಗೆ ಗಣಿತ ಒಂದು ಕಡೆ, ದೇವರು ಒಂದು ಕಡೆ ನಿಂತು ನನ್ನನ್ನು ಕಾಯುತ್ತಿದ್ದರು.

ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರಿಗೂ ಅದೇ ಪ್ರಶ್ನೆ ಹಾಕುತ್ತಿದ್ದೆ. ನೀವು ನನಗೆ ಹಾಕಬಹುದು. ಕನ್ನಡಕ ಹಾಕಿಕೊಂಡಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಯಜಮಾನರು ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ನಮಗೆ ಮಕ್ಕಳಿಲ್ಲ. ಬೆಂಗಳೂರಿನ ಮನೆಯಲ್ಲಿ ನಾನೊಬ್ಬಳೇ. ಒಂಟಿ ಹೆಂಗಸು ಎಂದರೆ ರಾತ್ರಿ ಹೆದರುತ್ತಾಳೆ ಎಂದು ಜನ ತಿಳಿಯುತ್ತಾರೆ. ನನಗೆ ರಾತ್ರಿಯ ತೊಂದರೆ ಇರಲಿಲ್ಲ, ಊಟದ ಹೊತ್ತೇ ಕಷ್ಟವಾಗುತ್ತಿತ್ತು. ಒಬ್ಬಳಿಗೆ ಎಂದು ಅಕ್ಕಿ ಅಳೆಯಲು ಕೈ ಬರುತ್ತಿರಲಿಲ್ಲ. ಜಾಸ್ತಿ ಮಾಡುವುದು, ಮರುದಿನವೂ ಅದನ್ನೇ ಬಿಸಿ ಮಾಡುವುದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಉಣ್ಣುವುದು. ತಟ್ಟೆ ಹಿಡಿದು ಮೇಜಿಗೆ ಕೂತರೆ ಎದುರಿನ ಕುರ್ಚಿ ಕಾಣುತ್ತದೆ. ಆದ್ದರಿಂದ ಕೂರುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ "ಹೇಗಿದ್ದೀರಿ ಆಂಟಿ?" ಎಂದು ಕೇಳುತ್ತಿದ್ದರು, ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಕೈ ಕುಲುಕುತ್ತಿದ್ದರು. ಅವರನ್ನು ದೂರುವುದಿಲ್ಲ, ಆ ಪ್ರಶ್ನೆಗೆ ಉದ್ದದ ಉತ್ತರ ಯಾರಿಗೂ ಬೇಕಿರುವುದಿಲ್ಲ.

ಆ ವರ್ಷ ದಸರಾ ರಜೆಗೆ ಮುಂಚೆ ನಮ್ಮ ಚರ್ಚಿನ ಯುವಕ ಯುವತಿಯರು ಶಿವಗಂಗೆಯ ಕಡೆ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ವಾರದ ಮಟ್ಟಿಗೆ ಸೇವೆಗೆಂದು ಹೊರಟರು. ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಪಾಠ ಹೇಳುವುದು. "ಮ್ಯಾಥ್ಸ್‌ಗೆ ಯಾರೂ ಇಲ್ಲ ಆಂಟಿ, ನೀವು ಬನ್ನಿ" ಎಂದು ತಂಡದ ಮುಂದಾಳು ಡೇವಿಡ್ ಕರೆದ. ಸೇವೆಯ ಹಂಬಲದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಒಂದು ವಾರ ಒಬ್ಬಳಿಗಾಗಿ ಅಡುಗೆ ಮಾಡುವುದು ತಪ್ಪುತ್ತದಲ್ಲ ಎಂದು ಹೋದೆ.

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು, ಗೋಡೌನುಗಳ ಸಾಲು ದಾಟಿದ ಮೇಲೆ ಬರುವ ಊರು. ಶಾಲೆಯ ಮುಖ್ಯೋಪಾಧ್ಯಾಯಿನಿ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದರು. "ಪಾಠ ಹೇಳಿ, ಬಣ್ಣ ಹೊಡೀರಿ, ಸಂತೋಷ. ಪ್ರಾರ್ಥನೆ ಗೀರ್ಥನೆ ಎಲ್ಲ ನಿಮ್ ನಿಮ್ಮೊಳಗೆ ಇಟ್ಕೊಳ್ಳಿ." ಆಕೆಯ ನೇರ ಮಾತು ನನಗೆ ಹಿಡಿಸಿತು. ಹುಡುಗರು ತರಗತಿಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ನನ್ನ ಮಂಡಿಗೆ ಅದು ಆಗದು ಎಂದು ಶಾಲೆಯ ಪಕ್ಕದ ಮನೆಯಲ್ಲಿ ಮಂಚದ ವ್ಯವಸ್ಥೆ ಮಾಡಿಕೊಟ್ಟರು. ಹೊನ್ನಗಂಗಮ್ಮ, ಗಂಗಾಧರಯ್ಯ ಎಂಬ ನಡುವಯಸ್ಸಿನ ಗಂಡ ಹೆಂಡತಿಯ ಮನೆ. ಆತ ಇದ್ದಷ್ಟು ಹೊಲದಲ್ಲಿ ರಾಗಿ ಬೆಳೆಯುತ್ತ ಒಂದು ಗೋಡೌನಿನಲ್ಲಿ ಕಾವಲಿನ ಕೆಲಸಕ್ಕೂ ಹೋಗುತ್ತಿದ್ದ. ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟಿದ್ದರು. ಗಂಗಮ್ಮ ಮೊದಲ ದಿನ ನನ್ನನ್ನು ಮೇಡಂ ಎಂದಳು, ಎರಡನೆಯ ದಿನಕ್ಕೆ ಅಕ್ಕ ಎಂದಳು.

ಪಾಠವೇನೋ ಚೆನ್ನಾಗಿಯೇ ನಡೆಯಿತು. ಭಿನ್ನರಾಶಿ ಕಲಿಸಲು ರೊಟ್ಟಿ ಮುರಿದು ತೋರಿಸಿದೆ, ಮಕ್ಕಳು ಉದಾಹರಣೆಯನ್ನೇ ತಿಂದುಹಾಕಿದರು. ಆರನೆಯ ತರಗತಿಯ ಒಂದು ಹುಡುಗಿ, "ಮಿಸ್, ನಿಮ್ಮನೇಲಿ ಯಾರ್ಯಾರವ್ರೆ?" ಎಂದು ಕೇಳಿತು. "ನಾನಿದ್ದೀನಿ" ಎಂದೆ. ಅದು ಮಿಕ್ಕವರ ಹೆಸರಿಗಾಗಿ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿತ್ತು.

ಆ ವಾರದಲ್ಲೇ ಮಹಾಲಯ ಅಮಾವಾಸ್ಯೆ ಬಂತು. ಆ ಕಡೆ ಅದು ಹಿರಿಯರ ಹಬ್ಬ. ತೀರಿಕೊಂಡವರಿಗೆ ಅವರವರ ಇಷ್ಟದ ಅಡುಗೆ ಮಾಡಿ ಎಲೆಯ ಮೇಲೆ ಬಡಿಸಿ (ಇದಕ್ಕೆ ಎಡೆ ಎನ್ನುತ್ತಾರೆ) ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತಾರೆ. ಅಷ್ಟರಲ್ಲಿ ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಆಮೇಲೆ ಆ ಎಡೆಯನ್ನು ಮನೆಯವರು ಉಣ್ಣುತ್ತಾರೆ. ಡೇವಿಡ್ ಬೆಳಿಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, "ಅವರ ಮನೇಲಿ ಊಟಕ್ಕೆ ಕರೆದ್ರೆ ಬೇಜಾರು ಮಾಡ್ಬೇಡಿ ಆಂಟಿ. ಆದ್ರೆ ಎಡೆ ಇಟ್ಟಿದ್ದು ಮಾತ್ರ ಬೇಡ. ನಿಮಗೆ ಹೇಳ್ಬೇಕಾಗಿಲ್ಲ" ಎಂದ. ನಿಜಕ್ಕೂ ಹೇಳಬೇಕಾಗಿರಲಿಲ್ಲ. ಸತ್ತವರ ಹೆಸರಿನಲ್ಲಿ ಇಟ್ಟದ್ದನ್ನು ಉಣ್ಣುವುದೆಂದರೆ ನಮ್ಮಲ್ಲಿ ವಿಶ್ವಾಸವನ್ನೇ ಬಿಟ್ಟಂತೆ. ನನ್ನ ತಾಯಿ ನೆರೆಮನೆಯವರು ಕೊಟ್ಟ ಹಬ್ಬದ ಸಿಹಿಯನ್ನು ತಿನ್ನುವ ಮೊದಲು ಯಾವ ಹಬ್ಬವೆಂದು ವಿಚಾರಿಸುತ್ತಿದ್ದವರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಗಮ್ಮ ನಡುಮನೆಯ ಹಿಂದಿನ ಕೋಣೆಯನ್ನು ಸಾರಿಸಿ ಎಲೆ ಹಾಸಿದಳು. ರಾಗಿ ಮೂಟೆ ಇಡುವ ಕೋಣೆ ಅದು, ಕಿಟಕಿ ಇಲ್ಲ. ನಾನು ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಮಾವನಿಗೊಂದು ಎಲೆ, ಪಕ್ಕದಲ್ಲಿ ಬೀಡಿ ಕಟ್ಟು. ಅತ್ತೆಗೊಂದು, ಪಕ್ಕದಲ್ಲಿ ಎಲೆಅಡಿಕೆ. ಬೈಕಿನಿಂದ ಬಿದ್ದು ತೀರಿಕೊಂಡ ಮೈದುನನಿಗೊಂದು, ಅವನಿಗೆ ಕಿತ್ತಳೆ ಬಣ್ಣದ ಕೂಲ್‌ಡ್ರಿಂಕ್ ಬಾಟಲಿ. ಅದರಾಚೆ ಇನ್ನೂ ಒಂದು ಎಲೆ. ಅದನ್ನು ನೋಡಿದ ಗಂಗಾಧರಯ್ಯ ಹುಬ್ಬು ಗಂಟಿಕ್ಕಿದ.

"ಲೇ, ಇದ್ಯಾರ್ಗೆ?"

"ತುಮಕೂರತ್ತೆಗೆ."

"ಅವ್ಳು ಬದುಕವ್ಳೆ ಕಣೇ. ಬೆಳಿಗ್ಗೆ ಫೋನ್ ಮಾಡಿ ಕೋಳಿ ಕುಯ್ದ್ರಾ ಅಂತ ಕೇಳಿದ್ಲು."

ಗಂಗಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಬಾಯಿ ಮುಚ್ಚಿಕೊಂಡಳು. ಗಂಡನ ಸೋದರತ್ತೆಗೆ ಹಿಂದಿನ ತಿಂಗಳು ತೀರಾ ಕಾಯಿಲೆಯಾಗಿ, ಇವಳು ಆಸ್ಪತ್ರೆಗೆ ಹೋಗಿ ನೋಡಿ ಅತ್ತು ಬಂದಿದ್ದಳಂತೆ. ಮುದುಕಿ ಎದ್ದು ಮನೆಗೆ ಬಂದರೂ ಇವಳ ಮನಸ್ಸಿನಲ್ಲಿ ಹೋದವರ ಜೊತೆಗೇ ಸೇರಿಬಿಟ್ಟಿದ್ದಳು. ನನಗೆ ನಗು ಬಂತು, ಆದರೆ ಅವರಿಬ್ಬರಿಗೆ ಅದು ನಗುವ ವಿಷಯವಾಗಿರಲಿಲ್ಲ. ಬದುಕಿರುವವರಿಗೆ ಎಡೆ ಇಡುವುದು ಮಹಾ ಕೆಡುಕು. ಹಾಸಿದ ಎಲೆಯನ್ನು ಎತ್ತುವ ಹಾಗೂ ಇಲ್ಲ, ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸಿದ ಹಾಗಾಗುತ್ತದಂತೆ. ಆ ಎಲೆಗೆ ಈಗ ಸತ್ತವರು ಯಾರಾದರೂ ಬೇಕು.

ಗಂಗಮ್ಮ ನನ್ನ ಕಡೆ ತಿರುಗಿದಳು. "ಅಕ್ಕ, ನಿಮ್ಮೆಜಮಾನ್ರು ಇಲ್ಲ ಅಂದ್ರಲ್ಲ. ಅವ್ರ ಹೆಸ್ರಲ್ಲಿ ಇಡ್ಲಾ?"

"ನಮ್ಮಲ್ಲಿ ಆ ಪದ್ಧತಿ ಇಲ್ಲಮ್ಮ. ಅವರು ದೇವರ ಹತ್ರ ಇದ್ದಾರೆ. ಊಟಕ್ಕೆಲ್ಲ ಬರಲ್ಲ" ಎಂದೆ. ಹೇಳಬೇಕೆಂದುಕೊಂಡದ್ದಕ್ಕಿಂತ ಸ್ವಲ್ಪ ಬಿರುಸಾಗಿಯೇ ಬಂತು ಮಾತು, ತರಗತಿಯಲ್ಲಿ ಬರುವ ಹಾಗೆ.

"ಹಂಗಾರೆ ಯಾರೂ ಇಲ್ದೋರ್ಗೆ ಅಂತ ಇರ್ಲಿ" ಎಂದು ಗಂಗಮ್ಮ ಎಲ್ಲ ಎಲೆಗೂ ಒಂದೇ ಸಮನಾಗಿ ಬಡಿಸಿದಳು. ಮುದ್ದೆ, ಕೋಳಿ ಸಾರು, ವಡೆ, ಒಂದಿಷ್ಟು ಚಿತ್ರಾನ್ನ, ಕಜ್ಜಾಯ. ಧೂಪ ಹಾಕಿ ಕೈಮುಗಿದು, ಹೊರಗೆ ಬಂದು ಚಿಲಕ ಹಾಕಿದರು.

ಮೂವರೂ ಜಗಲಿಗೆ ಬಂದು ಕೂತೆವು. ಆ ಹೊತ್ತಿನಲ್ಲಿ ಮಾತಾಡಬಾರದಂತೆ. ಗಂಗಾಧರಯ್ಯ ಫೋನನ್ನೂ ಆರಿಸಿದ್ದ. ಬೆಕ್ಕು ಅಂಗಳದ ಮೂಲೆಯಲ್ಲಿ ಕೋಳಿಪುಕ್ಕ ಕೆದಕುತ್ತಿತ್ತು. ಶಾಲೆಯ ಕಡೆಯಿಂದ ನಮ್ಮ ಹುಡುಗರು ಗಿಟಾರ್ ಬಾರಿಸುತ್ತ ಮೆಲ್ಲಗೆ ಹಾಡಿಕೊಳ್ಳುವುದು ಕೇಳುತ್ತಿತ್ತು. ಗಂಡ ಹೆಂಡತಿ ತಮ್ಮವರು ಉಣ್ಣಲಿ ಎಂದು ಕಾಯುತ್ತಿದ್ದರು. ಅಲ್ಲಿ ಹಾಡುತ್ತಿದ್ದವರಿಗೆ ಅವರವರ ಜೊತೆ ಇತ್ತು. ನಾನು ಆ ಹಾಡಿಗೂ ಸೇರದೆ ಈ ಮೌನಕ್ಕೂ ಸೇರದೆ ಕೂತಿದ್ದೆ. ಯಜಮಾನರ ಸಮಾಧಿಯ ಹತ್ತಿರ ನಿಂತಾಗಲೂ ಅಷ್ಟು ಒಂಟಿ ಎನ್ನಿಸಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗಂಗಾಧರಯ್ಯ ಒಳಗೆ ಹೋಗಿ ಕೆಮ್ಮಿ, ಬಾಗಿಲು ತಟ್ಟಿ, ಚಿಲಕ ತೆಗೆದ. ಹಾಗೆ ದಿಢೀರನೆ ನುಗ್ಗಬಾರದಂತೆ. ಅವರ ಹಿಂದೆ ನಾನೂ ಹೋಗಿ ಇಣುಕಿದೆ. ಧೂಪದ ಹೊಗೆ ತುಂಬಿತ್ತು, ದೀಪ ಚೆನ್ನಾಗಿ ಉರಿಯುತ್ತಿತ್ತು. ಮೊದಲಿನ ಎಲೆಗಳಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

ಕೊನೆಯ ಎಲೆಯಲ್ಲಿ ಚಿತ್ರಾನ್ನದೊಳಗಿನ ಕರಿಬೇವೆಲ್ಲ ಹೊರಗೆ ಬಂದಿತ್ತು. ಎಲೆಯ ಮೇಲಂಚಿನಲ್ಲಿ, ಎಡಗಡೆಯಿಂದ ಬಲಕ್ಕೆ, ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿಟ್ಟಿತ್ತು. ತೊಟ್ಟುಗಳೆಲ್ಲ ಒಂದೇ ಕಡೆಗೆ.

ನಮ್ಮ ಯಜಮಾನರಿಗೆ ಕರಿಬೇವು ಬಾಯಿಗೆ ಸಿಕ್ಕಿದರೆ ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮೊದಲ ಕೆಲಸ ಅವನ್ನು ಹುಡುಕಿ ತೆಗೆದು ತಟ್ಟೆಯ ಮೇಲಂಚಿಗೆ ಸಾಲಾಗಿ ಇಡುವುದು. ಎಸೆಯುವುದಲ್ಲ, ಗುಡ್ಡೆ ಹಾಕುವುದಲ್ಲ, ತೊಟ್ಟು ಒಂದೇ ಕಡೆಗೆ ಬರುವಂತೆ ಜೋಡಿಸುವುದು. ನಕ್ಷೆ ಬರೆಯುವ ಕೆಲಸದಲ್ಲಿದ್ದವರು, ಕೈಗೆ ಅದೇ ಅಭ್ಯಾಸ. "ಊಟ ಆರ್ತಾ ಇದೆ, ಕವಾಯತು ಆಮೇಲೆ ಮಾಡಿಸಿ" ಎಂದು ಮದುವೆಯಾದಂದಿನಿಂದ ಗದರಿಸುತ್ತಿದ್ದೆ. ಇದನ್ನು ನಾನು ಆ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೆಂದು ನನಗೇ ಅನ್ನಿಸಿರಲಿಲ್ಲ.

"ಗಂಗಮ್ಮ, ಬಡಿಸುವಾಗ ನೀನು ಕರಿಬೇವು ತೆಗೆದಿಟ್ಯಾ?" ಎಂದು ಕೇಳಿದೆ.

"ನಾನ್ಯಾಕಕ್ಕ ತೆಗೀಲಿ?" ಎಂದು ಅವಳು ಬಗ್ಗಿ ನೋಡಿದಳು. ಗಂಗಾಧರಯ್ಯನೂ ನೋಡಿದ. "ಯಾರೋ ಬಂದು ಉಂಡವ್ರೆ ಬುಡಿ" ಎಂದು, ಬಸ್ಸು ಬಂದು ಹೋಯಿತು ಎನ್ನುವ ಹಾಗೆ ಹೇಳಿದ. ಆಮೇಲೆ ಹೆಂಡತಿಗೆ, "ಇದುನ್ನ ಹಿತ್ಲಲ್ಲಿ ಇಟ್ಬುಡು, ಯಾವ್ದಾದ್ರೂ ತಿಂತದೆ" ಎಂದ. ಅವರವರ ಎಡೆಯನ್ನು ಅವರವರ ಮನೆಯವರೇ ಉಣ್ಣಬೇಕು. ಯಾರೂ ಇಲ್ಲದವರ ಎಡೆ ನಾಯಿಗೋ ಕಾಗೆಗೋ.

ಗಂಗಮ್ಮ ಎಲೆಯ ಎರಡು ತುದಿ ಹಿಡಿದಳು. ಆ ಗಳಿಗೆಯಲ್ಲಿ ನನಗೆ ಏನಾಯಿತೆಂದು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ. ನನ್ನ ಬುದ್ಧಿ ಇದು ಸುಳ್ಳು ಎನ್ನುತ್ತಿತ್ತು. ನನ್ನ ವಿಶ್ವಾಸ, ಸುಳ್ಳಲ್ಲದಿದ್ದರೆ ಇನ್ನೂ ಕೆಟ್ಟದ್ದು, ದೂರ ನಿಲ್ಲು ಎನ್ನುತ್ತಿತ್ತು. ಎರಡೂ ಒಪ್ಪತಕ್ಕ ಮಾತೇ. ಆದರೆ ಆ ಎಲೆಯನ್ನು ಹಿತ್ತಲಿಗೆ ಬಿಟ್ಟರೆ, ನಮ್ಮ ಯಜಮಾನರಿಗೆ ಯಾರೂ ಇಲ್ಲ ಎಂದು ನಾನೇ ಸಾಕ್ಷಿ ಹೇಳಿದ ಹಾಗಾಗುತ್ತಿತ್ತು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಇಡು ಗಂಗಮ್ಮ. ಅದು ನಮ್ಮದು, ನಾನು ಉಣ್ತೀನಿ" ಎಂದೆ.

ಅವಳು ಎಲೆಯನ್ನು ಕೆಳಗಿಟ್ಟಳು. "ಹೆಸ್ರೇನಕ್ಕ ಅವ್ರುದ್ದು?" ಎಂದಷ್ಟೇ ಕೇಳಿದಳು.

"ಪ್ರಭಾಕರ" ಎಂದೆ. ಅವರು ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ.

ಮಂಡಿ ನೋವಿನಲ್ಲಿ ಕಷ್ಟಪಟ್ಟು ನೆಲಕ್ಕೆ ಕೂತೆ. ತಿಂಗಳುಗಳ ಮೇಲೆ ಕೂತು ಉಂಡ ಊಟ ಅದು. ಮುದ್ದೆ ಆರಿತ್ತು, ಸಾರಿನಲ್ಲಿ ಉಪ್ಪು ಒಂದಿಷ್ಟು ಮುಂದಾಗಿತ್ತು. ಎಲ್ಲವನ್ನೂ ಉಂಡೆ. ಕೊನೆಗೆ ಆ ಕರಿಬೇವಿನ ಸಾಲು ಉಳಿಯಿತು. ನಮ್ಮ ಮನೆಯಲ್ಲಿ ಅವರ ತಟ್ಟೆ ಎತ್ತುವಾಗ ಆ ಎಲೆಗಳನ್ನು ನಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ದಂಡವಾಗಬಾರದೆಂದು. ಈಗಲೂ ಒಂದೊಂದಾಗಿ ತಿಂದೆ, ಅಳುತ್ತಲೇ ತಿಂದೆ. ಗಂಗಮ್ಮ ನೀರಿನ ಚೊಂಬನ್ನು ನನ್ನ ಕಡೆ ಸರಿಸಿ, ತನ್ನ ಅತ್ತೆಯ ಎಡೆ ಉಣ್ಣಲು ಕೂತಳು.

ಬೆಂಗಳೂರಿಗೆ ಮರಳಿದ ಮೇಲಿನ ಭಾನುವಾರ, ಹೋಗಿಬಂದವರೆಲ್ಲ ತಾವು ಕಲಿತ ಪಾಠ ಏನೆಂದು ಸಭೆಯ ಮುಂದೆ ಸಾಕ್ಷಿ ಹೇಳಬೇಕಿತ್ತು. ಕಲಿಸಲು ಹೋಗಿ ಕಲಿತು ಬಂದೆವು ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ನನ್ನ ಸರದಿ ಬಂದಾಗ ನಾನೂ ಅದನ್ನೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗಲೂ ಅದನ್ನು ಲೆಕ್ಕದಂತೆ ಬಿಡಿಸಲು ನೋಡುತ್ತೇನೆ. ಗಂಗಮ್ಮನ ಕೈ ಅವಳಿಗೇ ತಿಳಿಯದೆ ಹಾಗೆ ಇಟ್ಟಿರಬಹುದು. ಆದರೆ ಅವಳು ಚಿತ್ರಾನ್ನ ಬಡಿಸಿದ್ದನ್ನು ನಾನು ನೋಡಿದ್ದೆ, ಹಿಡಿ ತೆಗೆದು ಹಾಕಿದಳು, ಅಷ್ಟೇ. ಇಲಿ ಬಂದಿದ್ದರೆ ಕೋಳಿ ಬಿಟ್ಟು ಕರಿಬೇವಿಗೆ ಯಾಕೆ ಬಾಯಿ ಹಾಕುತ್ತಿತ್ತು? ನನ್ನ ಕಣ್ಣೇ ಬೇಕಾದ್ದನ್ನು ಕಂಡಿತು ಎನ್ನೋಣವೆಂದರೆ ಗಂಡ ಹೆಂಡತಿಯೂ ನೋಡಿದ್ದರು. ಇನ್ನು ಯಜಮಾನರೇ ಬಂದಿದ್ದರು ಎನ್ನುವುದಾದರೆ, ನನಗೆ ಕೋಪ ಬರುತ್ತದೆ. ಗುರುತು ಪರಿಚಯವಿಲ್ಲದ ಮನೆಗೆ ಬಂದವರಿಗೆ ನಮ್ಮ ಮನೆಗೆ ಬರಲು ಏನಾಗಿತ್ತು? ಅಲ್ಲಿ ಯಾರೂ ಎಲೆ ಹಾಕಿರಲಿಲ್ಲ ಎಂಬುದಷ್ಟೇ ನನಗೆ ಹೊಳೆಯುವ ಉತ್ತರ. ಗಣಿತದ ಮೇಷ್ಟ್ರು ಒಪ್ಪುವಂಥ ಉತ್ತರವಲ್ಲ ಅದು.

ಪ್ರತಿವರ್ಷ ಮಹಾಲಯ ಹತ್ತಿರ ಬಂದಾಗ ಗಂಗಮ್ಮ ಫೋನ್ ಮಾಡುತ್ತಾಳೆ. ಬನ್ನಿ ಅಕ್ಕ ಎನ್ನುತ್ತಾಳೆ. ನಾನು ಮಂಡಿಯ ನೆಪ ಹೇಳುತ್ತೇನೆ. ಮಂಡಿ ಈಗ ಪರವಾಗಿಲ್ಲ. ಮತ್ತೆ ಹೋಗಿ, ಬಾಗಿಲು ತೆಗೆದಾಗ ಆ ಎಲೆಯೂ ಮಿಕ್ಕ ಎಲೆಗಳಂತೆ ಬಡಿಸಿದ್ದು ಬಡಿಸಿದ ಹಾಗೇ ಇದ್ದರೆ, ಆಮೇಲೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಮೊನ್ನೆಯೂ ಫೋನ್ ಮಾಡಿದ್ದಳು. "ಬರ್ದಿದ್ರೂ ಹೋಗ್ಲಿ, ಅವ್ರ ಹೆಸ್ರಲ್ಲಿ ಎಲೆ ಹಾಕ್ಲಾ ಅಕ್ಕ?" ಎಂದು ಕೇಳಿದಳು.

"ಹಾಕು" ಎಂದೆ. "ಬಾಗಿಲು ತೆಗೆದಾಗ ಏನಿತ್ತು ಅಂತ ಮಾತ್ರ ನನಗೆ ಹೇಳ್ಬೇಡ."