ಕಾಫಿಪುಡಿಗೂ ಬಾಮ್ ವಾಸನೆ

ಕಣ್ಣು ಮುಚ್ಚಿ ಕೂತಿದ್ದ ನನ್ನ ಮಗಳ ಮೂಗಿನ ಹತ್ತಿರ ಸಿಂಧನೂರಿನ ಡಾಕ್ಟರು ಕಾಫಿಪುಡಿ ಹಿಡಿದರು. ‘ಬಾಮ್ ರೀ’ ಎಂದಳು. ಲವಂಗ ಹಿಡಿದರು. ಅದೂ ಬಾಮ್. ಕಿತ್ತಳೆ ಸಿಪ್ಪೆಯೂ ಬಾಮ್!

ಪಕ್ಕದಲ್ಲೇ ಹಾಲು ಸೀದು ಕರಕಲಾದರೂ ಇವಳಿಗೆ ಗೊತ್ತಾಗಿರಲಿಲ್ಲವೆಂದು ಗಾಬರಿಯಿಂದ ಕರೆತಂದಿದ್ದೆ. ಮಾಸ್ಕ್ ಹಾಕಿದ್ದ ಡಾಕ್ಟರು ಸ್ಕ್ಯಾನಿಂಗ್ ಮಾತೆತ್ತಿದಾಗ ನಾನು ಕೈಲಿದ್ದ ದುಡ್ಡು ಎಣಿಸತೊಡಗಿದೆ.

ಆಗ ಜೊತೆಗಿದ್ದ ನಮ್ಮತ್ತೆ ಬಾಯಿಬಿಟ್ಟರು. ‘ಬಸ್ಸಿನ್ಯಾಗ ಹುಡುಗಿ ವಾಂತಿ ಮಾಡ್ಕೊಂತಾಳ್ರೀ. ಅದಕ್ಕ ಸಂತೆಕಲ್ಲೂರಾಗ ಬಸ್ ಹತ್ತೂಮುಂದ ಮೂಗಿಗೆ ಬಾಮ್ ತಿಕ್ಕೀನಿ.’

‘ಮತ್ತ ಹಾಲು ಸೀದ ದಿನ?’ ಎಂದೆ.

‘ಅವತ್ತ ನೆಗಡಿ ಆಗಿತ್ತಲ್ಲವಾ, ಅವತ್ತೂ ತಿಕ್ಕಿದ್ದೆ.’

ನಮ್ಮ ಮನೆಯ ಗೋಡೆಗೂ ಆ ವಾಸನೆ ಹತ್ತಿರುವುದರಿಂದ ನನಗದು ತಿಳಿದೇ ಇರಲಿಲ್ಲ. ಮುಖ ತೊಳೆಸಿ ಕೂರಿಸಿದರೆ ಮಗಳು ಎಲ್ಲವನ್ನೂ ಸರಿಯಾಗಿ ಹೇಳಿದಳು. ಡಾಕ್ಟರು ಮಾಸ್ಕ್ ತೆಗೆದು ತಲೆ ಹಿಡಿದುಕೊಂಡು ಕೂತರು. ಅತ್ತೆ ಎಲೆಅಡಿಕೆಯ ಸಂಚಿಯಿಂದ ಬಾಮ್ ಡಬ್ಬಿ ತೆಗೆದು ಅವರ ಮುಂದಿಟ್ಟರು. ‘ತಲಿ ನೋಯಾಕತ್ತೈತೇನ್ರೀ ಸಾಹೇಬ್ರ? ತಗೋರಿ, ಹಚ್ಕೋರಿ.’

ಈಗ ಮನೆಯಲ್ಲಿ ಹಾಲು ಸೀದರೆ ನಾನು ಮೊದಲು ಮಗಳ ಮೂಗನ್ನೇ ಮೂಸಿ ನೋಡುತ್ತೇನೆ.